ಶೆಡ್ಡಿನಲ್ಲಿ ಕ್ಲಚ್ ಒತ್ತುತ್ತಿದ್ದವರು

"ಒತ್ತು," ಎಂದಳು ಅಮ್ಮ, ಕಾರಿನ ಕೆಳಗಿನಿಂದ.

ಹೆಟ್ಟಿ ಸೀಟಿನ ತುದಿಗೆ ಜಾರಿ, ಎಡಗಾಲು ಚಾಚಿ, ಕ್ಲಚ್ ಪೆಡಲನ್ನು ನೆಲ ಮುಟ್ಟುವವರೆಗೂ ಒತ್ತಿದಳು.

"ಒತ್ತಿದೆ."

"ಹಾಗೇ ಹಿಡ್ಕೋ. ಹಿಡ್ಕೋ... ಈಗ ಬಿಡು."

ಕೆಳಗೆ ಕ್ಲಚ್ ಎಣ್ಣೆಯ ಪೈಪಿನಿಂದ ಗಾಳಿ ಗುಳುಗುಳು ಎಂದು ಹೊರಬಂದಿತು. ಇಪ್ಪತ್ತು ಸಲ ಹೀಗೆ ಒತ್ತಿ, ಬಿಟ್ಟು, ಹೆಟ್ಟಿಯ ತೊಡೆ ನೋಯುತ್ತಿತ್ತು. ಅಮ್ಮ ತೆವಳಿಕೊಂಡು ಹೊರಗೆ ಬಂದಳು. ಮೂಗಿನ ಮೇಲೆ ಕಪ್ಪು ಗ್ರೀಸು.

"ಪೈಪೊಳಗೆ ಇನ್ನು ಗಾಳಿ ಇಲ್ಲ. ಪೆಡಲ್ ಗಟ್ಟಿಯಾಯ್ತು. ಆದ್ರೂ ಕ್ಲಚ್ ಬಿಡ್ತಿಲ್ಲ ನೋಡು."

"ಬಿಡೋದು ಅಂದ್ರೆ?"

"ಡಬ್ಬಿ ಮುಚ್ಚೋದು ಮರೆತ್ರೆ ಬಿಸ್ಕತ್ತು ಒಂದಕ್ಕೊಂದು ಅಂಟ್ಕೊಳ್ಳುತ್ತಲ್ಲ, ಹಾಗೆ ಆಗಿದೆ ಒಳಗೆ. ಇಂಜಿನ್ ಕಡೆಗೊಂದು ತಟ್ಟೆ, ಚಕ್ರದ ಕಡೆಗೊಂದು ತಟ್ಟೆ. ಪೆಡಲ್ ಒತ್ತಿದ್ರೆ ಎರಡೂ ಬೇರೆ ಆಗ್ಬೇಕು. ಹನ್ನೊಂದು ವರ್ಷ ನಿಂತಲ್ಲೇ ನಿಂತು ತುಕ್ಕು ಹಿಡಿದು ಕಚ್ಕೊಂಡಿವೆ."

ಅದು ಅಜ್ಜಿಯ ಕಾರು. ಪುಟ್ಟದು, ಹಸಿರು ಬಣ್ಣ, ಎರಡೇ ಸೀಟು, ಮೇಲೆ ಚಾವಣಿ ಇಲ್ಲ. ಸಿಬಿಲ್ ಅಜ್ಜಿ ವಯಸ್ಸಿನಲ್ಲಿದ್ದಾಗ ಗುಡ್ಡ ಹತ್ತುವ ರೇಸುಗಳಲ್ಲಿ ಅದನ್ನು ಓಡಿಸುತ್ತಿದ್ದಳು. ಗೆದ್ದ ಬೆಳ್ಳಿ ಕಪ್ಪುಗಳಲ್ಲಿ ಈಗ ಅಡುಗೆಮನೆಯ ಮರದ ಸೌಟುಗಳು ನಿಂತಿರುತ್ತವೆ.

ಕಳೆದ ಏಪ್ರಿಲ್‌ನಲ್ಲಿ ಅಜ್ಜಿಗೆ ಸ್ಟ್ರೋಕ್ ಆಯಿತು. ಎಡಗೈ, ಎಡಗಾಲು ಸೋತುಹೋದವು. ಮಾತು ಒಂದೊಂದಾಗಿ, ತಡೆದು ತಡೆದು ಬರುತ್ತದೆ. ಈಗ ಅವಳು ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಕಿಟಕಿಗೆ ಮುಖ ಮಾಡಿ ಕೂತಿರುತ್ತಾಳೆ. ಲಡ್ಲೋ ಊರಿನ ಹ್ಯಾವಿಲ್ಯಾಂಡ್ ಎನ್ನುವವರು ಶನಿವಾರ ಬಂದು ಕಾರು ಕೊಂಡು ಒಯ್ಯುತ್ತಾರೆ ಎಂದು ಅಮ್ಮ ಹೇಳಿದಾಗಲೂ ಅವಳು ಕಿಟಕಿಯಿಂದ ಕಣ್ಣು ತೆಗೆದಿರಲಿಲ್ಲ.

ಅಮ್ಮ ಒಂದು ಉದ್ದನೆಯ ಮರದ ತುಂಡು ತಂದು, ಪೆಡಲ್ ಒತ್ತಿ, ಸೀಟಿಗೂ ಪೆಡಲಿಗೂ ನಡುವೆ ಅಡ್ಡ ಕೊಟ್ಟಳು.

"ನಾಲ್ಕೈದು ದಿನ ಹೀಗೇ ಒತ್ತಿಟ್ರೆ ತಾನಾಗೇ ಬಿಟ್ಕೊಂಡ್ರೂ ಬಿಟ್ಕೊಂಡೀತು. ಇದನ್ನ ಯಾರೂ ಮುಟ್ಟಬಾರ್ದು. ಗೊತ್ತಾಯ್ತಾ?"

"ಗೊತ್ತಾಯ್ತು," ಎಂದಳು ಹೆಟ್ಟಿ. ಇಬ್ಬರೂ ಸೇರಿ ಕಾರಿನ ಮೇಲೆ ಹಳೆಯ ಬಿಳಿ ಹೊದಿಕೆ ಎಳೆದು ಮುಚ್ಚಿದರು.

ಅದು ಭಾನುವಾರ. ಸೋಮವಾರ ಸಂಜೆ ಅಮ್ಮ ಹೊದಿಕೆ ಎತ್ತಿ ನೋಡಿದರೆ ಮರದ ತುಂಡು ಪಕ್ಕದ ಸೀಟಿನ ಮೇಲೆ ನೀಟಾಗಿ ಮಲಗಿತ್ತು. ಪೆಡಲ್ ಮೇಲೆದ್ದಿತ್ತು.

"ಹೆಟ್ಟಿ."

"ನಾನು ಮುಟ್ಟಿಲ್ಲಮ್ಮ."

"ಮತ್ತೆ ಮರದ ತುಂಡಿಗೆ ಕೈಕಾಲು ಬಂತಾ?"

"ನಿಜವಾಗ್ಲೂ ಮುಟ್ಟಿಲ್ಲ."

ಅಮ್ಮ ಬಗ್ಗಿ ಪೆಡಲ್ ಒತ್ತಿದಳು. ತುಂಡನ್ನು ಮತ್ತೆ ಅಡ್ಡ ಕೊಟ್ಟಳು. ಅಮ್ಮ ನಂಬಿಲ್ಲ ಎನ್ನುವುದು ಹೆಟ್ಟಿಗೆ ಅವಳ ಬೆನ್ನು ನೋಡಿಯೇ ಗೊತ್ತಾಯಿತು.

ಮಂಗಳವಾರ ಹೆಟ್ಟಿ ಸ್ಕೂಲಿನಿಂದ ನೇರ ಶೆಡ್ಡಿಗೆ ಓಡಿದಳು. ಒಳಗೆ ಅರೆಗತ್ತಲು. ಸೂರಿನಿಂದ ನೀರು ಟಪ್, ಟಪ್ ಎಂದು ತೊಟ್ಟಿಕ್ಕುತ್ತಿತ್ತು. ಹೊದಿಕೆ ಎತ್ತಿದಳು. ಮರದ ತುಂಡು ಮತ್ತೆ ಪಕ್ಕದ ಸೀಟಿನ ಮೇಲೆ.

ಅವಳು ಡ್ರೈವರ್ ಸೀಟಿನ ಮೇಲೆ ಕೈಯಿಟ್ಟಳು. ತಟ್ಟನೆ ಕೈ ಹಿಂದಕ್ಕೆ ತೆಗೆದುಕೊಂಡಳು.

ಸೀಟು ಬೆಚ್ಚಗಿತ್ತು.

ಶೆಡ್ಡಿನಲ್ಲಿ ಉಳಿದದ್ದೆಲ್ಲ ಮಂಜಿನ ಹಾಗೆ ತಣ್ಣಗಿತ್ತು. ಗೋಡೆ, ಉಪಕರಣ, ಅವಳ ಮೂಗಿನ ತುದಿ, ಎಲ್ಲವೂ. ಹೆಟ್ಟಿ ನೆಲ ನೋಡಿದಳು. ಧೂಳಿನಲ್ಲಿ ಒದ್ದೆ ಗುರುತುಗಳಿದ್ದವು. ಒಂದು ಹೆಜ್ಜೆ. ಅದರ ಪಕ್ಕ ಉದ್ದನೆಯ ಗೀಟು. ಗೀಟಿನ ಪಕ್ಕ ಒಂದು ಸಣ್ಣ ದುಂಡು ಚುಕ್ಕೆ. ಮತ್ತೆ ಹೆಜ್ಜೆ, ಗೀಟು, ಚುಕ್ಕೆ.

"ಒಂಟಿ ಕಾಲಿನ ದೆವ್ವ," ಎಂದ ಮರುದಿನ ಬಸ್ಸಿನಲ್ಲಿ ಡಿಗ್ಬಿ. ಅವನು ಪಕ್ಕದ ಫಾರ್ಮಿನ ಹುಡುಗ, ಎಲ್ಲದಕ್ಕೂ ಅವನಲ್ಲಿ ಉತ್ತರ ಇರುತ್ತದೆ. "ರೇಸಲ್ಲಿ ಸತ್ತವನು ಯಾರೋ. ಒಂದು ಕಾಲು ಇದೆ, ಇನ್ನೊಂದನ್ನ ಎಳ್ಕೊಂಡು ಬರ್ತಾನೆ. ಕಾರು ಬೇಕು ಅವನಿಗೆ."

"ದೆವ್ವ ಕೂತ್ರೆ ಸೀಟು ತಣ್ಣಗಾಗ್ಬೇಕಲ್ವಾ?"

ಡಿಗ್ಬಿ ಯೋಚಿಸಿದ. "ಇದು ಬೇರೆ ಥರದ್ದು."

ಹೆಟ್ಟಿಗೆ ನಗು ಬರಲಿಲ್ಲ. ಬುಧವಾರವೂ ತುಂಡು ಪಕ್ಕದ ಸೀಟಿನಲ್ಲೇ ಇತ್ತು. "ನನಗೆ ಇದು ತಮಾಷೆ ಅನ್ನಿಸ್ತಿಲ್ಲ," ಎಂದಷ್ಟೇ ಹೇಳಿ ಅಮ್ಮ ಊಟಕ್ಕೆ ಬಡಿಸಿದಳು.

ಗುರುವಾರ ಬೆಳಗ್ಗೆ ನದಿಯ ಕಡೆಯಿಂದ ಮಂಜು ಎದ್ದಿತು. ಹನ್ನೊಂದರ ಹೊತ್ತಿಗೆ ಸ್ಕೂಲಿನ ಕಿಟಕಿಯಿಂದ ಗೇಟು ಕಾಣುತ್ತಿರಲಿಲ್ಲ. ಬಸ್ಸುಗಳನ್ನು ಬೇಗ ಬಿಟ್ಟರು. ಹೆಟ್ಟಿ ಮನೆಯ ಹತ್ತಿರ ಇಳಿದಾಗ ಮಧ್ಯಾಹ್ನ ಒಂದು ಗಂಟೆ. ಅಮ್ಮ ಕೆಲಸದಿಂದ ಬರುವುದು ಐದಕ್ಕೆ.

ಬಸ್ಸಿನ ಸದ್ದು ಮಂಜಿನಲ್ಲಿ ಕರಗಿತು. ಆಮೇಲೆ ಇನ್ನೊಂದು ಸದ್ದು ಕೇಳಿಸಿತು.

ಕಿರ್‍ರ್ರ್... ಸ್ವಲ್ಪ ಹೊತ್ತು ಏನೂ ಇಲ್ಲ. ಧಪ್.

ಶೆಡ್ಡಿನಿಂದ.

ಕಿರ್‍ರ್ರ್... ಧಪ್.

ಅದು ಪೆಡಲಿನ ಸದ್ದು. ಭಾನುವಾರ ಇಪ್ಪತ್ತು ಸಲ ಕೇಳಿದ್ದ ಸದ್ದು. ಡಿಗ್ಬಿಯ ಮನೆಗೆ ಓಡಿಬಿಡಬಹುದಿತ್ತು. ಆದರೆ ಓಡಿದರೆ ಸಂಜೆ ಅಮ್ಮನಿಗೆ ಏನು ಹೇಳುವುದು? ಅವಳು ಗೋಡೆ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಮುಂದೆ ಹೋದಳು. ಬಾಗಿಲು ಕೈಗೆ ಸಿಗುವವರೆಗೂ ಅದು ಕಣ್ಣಿಗೆ ಕಾಣಲೇ ಇಲ್ಲ.

ಒಳಗೆ ಯಾರೋ ಎಣಿಸುತ್ತಿದ್ದರು. ಕೀರಲು ದನಿ, ಉಸಿರೇ ಇಲ್ಲದ ದನಿ.

"ಮೂವತ್... ಒಂದು."

ಕಿರ್‍ರ್ರ್... ಧಪ್.

ಹೆಟ್ಟಿ ಬಾಗಿಲ ಸಂದಿಗೆ ಕಣ್ಣಿಟ್ಟಳು. ಬಿಳಿ ಹೊದಿಕೆ ಅರ್ಧ ಸರಿದಿತ್ತು. ಅದರ ಮೇಲೆ ಇನ್ನೊಂದು ಬಿಳಿ ಆಕಾರ, ತಲೆಯಷ್ಟು ದೊಡ್ಡದು, ಮುಂದಕ್ಕೆ ಬಾಗುತ್ತಿತ್ತು, ಹಿಂದಕ್ಕೆ ಬರುತ್ತಿತ್ತು. ಕಾರಿನ ಪುಟ್ಟ ಕನ್ನಡಿಯಲ್ಲಿ ಎರಡು ಕಣ್ಣು. ಆ ಕಣ್ಣುಗಳು ನೇರ ಅವಳನ್ನೇ ನೋಡುತ್ತಿದ್ದವು.

"ಒಳಗೆ ಬಂದು... ಬಾಗಿಲು ಹಾಕು," ಎಂದಿತು ದನಿ. "ಚಳಿ."

"ಅಜ್ಜಿ?"

ಅಜ್ಜಿಯ ಬಿಳಿ ಕೂದಲು ಬೆವರಿಗೆ ಹಣೆಗೆ ಅಂಟಿತ್ತು. ಊರುಗೋಲು ಕಾರಿನ ಬಾಗಿಲಿಗೆ ಒರಗಿತ್ತು. ಅದರ ತುದಿಯ ದುಂಡು ರಬ್ಬರನ್ನೂ ನೆಲದ ಚುಕ್ಕೆಗಳನ್ನೂ ಹೆಟ್ಟಿ ಒಮ್ಮೆ ನೋಡಿದಳು.

"ನೀನು ಹಿಂಬಾಗಿಲ ಮೆಟ್ಟಿಲು ಹೇಗೆ ಇಳಿದೆ?"

"ಕೂತ್ಕೊಂಡು," ಎಂದಳು ಅಜ್ಜಿ. "ಮಗು ಥರ."

"ದಿನಾ ಬರ್ತಿದ್ಯಾ?"

"ನರ್ಸ್... ಊಟ ಕೊಟ್ಟು ಹೋದ್ಮೇಲೆ. ವ್ಯಾಯಾಮಕ್ಕೆ ಅಂತ ಅವಳು ಕೊಟ್ಟಿರೋ ರಬ್ಬರ್ ಬ್ಯಾಂಡು... ಎಳೆದೂ ಎಳೆದೂ... ಬೇಜಾರು." ಅಜ್ಜಿ ತನ್ನ ಎಡಗಾಲನ್ನು ಬಲಗೈಯಿಂದ ಎತ್ತಿ ಪೆಡಲಿನ ಮೇಲಿಟ್ಟಳು. "ಆಗಸ್ಟಲ್ಲಿ... ಇದು ಅಲ್ಲಾಡ್ತಾನೂ ಇರ್ಲಿಲ್ಲ. ನೋಡು ಈಗ."

ಅವಳ ಮುಖ ಕೆಂಪಾಯಿತು. ದವಡೆ ಬಿಗಿಯಿತು. ಪೆಡಲ್ ಇಷ್ಟಿಷ್ಟೇ ಇಳಿದು, ನೆಲ ಮುಟ್ಟಿತು.

"ಮೂವತ್ತೆರಡು," ಎಂದಳು ಹೆಟ್ಟಿ, ತನಗೆ ಗೊತ್ತಿಲ್ಲದೆ.

"ಅಮ್ಮನಿಗೆ... ಹೇಳ್ಬೇಡ. ಬಿದ್ರೆ ಅಂತ... ಹೆದರಿ ಬೀಗ ಹಾಕ್ತಾಳೆ."

"ಬಯ್ಸ್ಕೊಳ್ತಿರೋದು ನಾನು ಅಜ್ಜಿ. ಆ ತುಂಡು ತೆಗೀತಿರೋದು ನಾನೇ ಅಂದ್ಕೊಂಡಿದ್ದಾಳೆ."

ಅಜ್ಜಿಗೆ ಅದು ಗೊತ್ತಿರಲಿಲ್ಲ. ಸ್ಟೀರಿಂಗನ್ನು ಗಟ್ಟಿಯಾಗಿ ಹಿಡಿದಳು. "ಶನಿವಾರ," ಎಂದಳು ಕೊನೆಗೆ. "ನಾನೇ... ಹೇಳ್ತೀನಿ. ಎರಡು ದಿನ ಕೊಡು."

ಸಂಜೆ ಊಟದ ಹೊತ್ತಿಗೆ ಅಮ್ಮ ಕೇಳಿದಳು. "ಇವತ್ತೂ ತೆಗೆದಿದ್ದೀಯ. ಯಾಕೆ ಹೆಟ್ಟಿ? ಕಾರು ಹೋಗೋದು ನಿನಗಿಷ್ಟ ಇಲ್ವಾ?"

ಅಜ್ಜಿಯ ಚಮಚ ಸೂಪಿನ ಮೇಲೆ ನಿಂತುಬಿಟ್ಟಿತು. ಹೆಟ್ಟಿ ತಟ್ಟೆ ನೋಡುತ್ತಾ ಬ್ರೆಡ್ ಮುರಿದಳು.

ಶನಿವಾರ ಬೆಳಗ್ಗೆಯೂ ಮಂಜು ಬಿಟ್ಟಿರಲಿಲ್ಲ. ಅಮ್ಮ ಕಾರಿನ ಹಿಂದಿನ ಭಾಗವನ್ನು ಜ್ಯಾಕಿನಿಂದ ಎತ್ತಿ, ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿದಳು. ಶೆಡ್ಡಿನ ಎರಡೂ ಬಾಗಿಲು ತೆರೆದಳು. ಗೇರಿನಲ್ಲೇ ಇಂಜಿನ್ ಚಾಲೂ ಮಾಡಿದಳು. ಗಾಳಿಯಲ್ಲಿದ್ದ ಹಿಂದಿನ ಚಕ್ರಗಳು ಗಿರಗಿರ ತಿರುಗಿದವು.

ಅಮ್ಮ ಕ್ಲಚ್ ಒತ್ತಿದಳು. ಚಕ್ರ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಪೆಡಲ್ ನೆಲಕ್ಕಂಟಿದ್ದರೂ ಅವು ತಮ್ಮ ಪಾಡಿಗೆ ತಿರುಗುತ್ತಲೇ ಇದ್ದವು. ಮಂಜಿನಲ್ಲಿ ಅದನ್ನು ನೋಡಲು ಹೆಟ್ಟಿಗೆ ಹಿತವಾಗಲಿಲ್ಲ. ಅಮ್ಮ ಬ್ರೇಕ್ ತುಳಿದಳು. ಇಂಜಿನ್ನೇ ಉಸಿರುಗಟ್ಟಿ ನಿಂತಿತು. ಮತ್ತೆ ಚಾಲೂ. ಮತ್ತೆ ಹಾಗೇ.

"ಆಗಲ್ಲ," ಎಂದಳು ಅಮ್ಮ. "ಇಂಜಿನ್ ಪೂರ್ತಿ ಇಳಿಸ್ಬೇಕು."

"ಲೋರ್ನಾ."

ಅಜ್ಜಿ ಬಾಗಿಲಲ್ಲಿ ನಿಂತಿದ್ದಳು. ಹಿಂದೆಲ್ಲ ಬಿಳಿ ಮಂಜು. ತನ್ನ ಹೆಸರು ಕೇಳಿ ತಿರುಗಿದ ಅಮ್ಮನ ಕೈಯಿಂದ ಗ್ರೀಸು ಒರೆಸುವ ಬಟ್ಟೆ ಜಾರಿತು.

"ಅಮ್ಮ, ನೀನು... ಯಾರು ಕರ್ಕೊಂಡು ಬಂದ್ರು?"

"ಮರದ ತುಂಡು ತೆಗೀತಿದ್ದದ್ದು ನಾನು. ಹುಡುಗಿ ಅಲ್ಲ." ಅಜ್ಜಿ ಕಾಲೆಳೆಯುತ್ತಾ ಬಂದು ಕಾರಿನ ಅಂಚು ಹಿಡಿದಳು. "ತಣ್ಣಗಿದ್ದಾಗ... ಬಿಡಲ್ಲ. ಅರ್ಧ ಗಂಟೆ... ಓಡ್ಲಿ. ಕಾಯ್ಲಿ. ಆಮೇಲೆ... ಕ್ಲಚ್ಚು, ಬ್ರೇಕು... ಎರಡೂ ಒಟ್ಟಿಗೆ. ಜೋರಾಗಿ."

ಅಮ್ಮ ಹೆಟ್ಟಿಯನ್ನು ನೋಡಿದಳು. ಕೊನೆಗೆ ಅಜ್ಜಿಯ ತೋಳು ಹಿಡಿದು ಡ್ರೈವರ್ ಸೀಟಿನಲ್ಲಿ ಕೂರಿಸಿದಳು.

ಅರ್ಧ ಗಂಟೆ ಇಂಜಿನ್ ಓಡಿತು. ಬಿಸಿ ಎಣ್ಣೆಯ ವಾಸನೆ ಶೆಡ್ಡು ತುಂಬಿತು. ಆಮೇಲೆ ಅಜ್ಜಿ ಎಡಗಾಲನ್ನು ಕೈಯಿಂದ ಎತ್ತಿ ಕ್ಲಚ್ಚಿನ ಮೇಲಿಟ್ಟಳು. ಒತ್ತಿದಳು. ಅದು ಇಳಿಯಿತು, ನಡುಗುತ್ತಾ, ಪೂರ್ತಿ ನೆಲಕ್ಕೆ. ಅಮ್ಮ ಅದನ್ನೇ ನೋಡುತ್ತಿದ್ದಳು. ಅಜ್ಜಿ ಬಲಗಾಲಿನಿಂದ ಬ್ರೇಕ್ ಒದ್ದಳು.

ಕಾರಿನ ಹೊಟ್ಟೆಯೊಳಗೆ ಪಟಾರ್ ಎಂದಿತು.

ಚಕ್ರಗಳು ನಿಂತವು. ಇಂಜಿನ್ ಮಾತ್ರ ಓಡುತ್ತಲೇ ಇತ್ತು, ಹಗುರಾಗಿ.

ಅಮ್ಮ ಹೆಟ್ಟಿಯ ತಲೆಯನ್ನು ಹತ್ತಿರ ಎಳೆದು ಗ್ರೀಸು ಕೈಯಲ್ಲೇ ಹಿಡಿದುಕೊಂಡಳು. "ಸಾರಿ ಕಣೇ," ಎಂದಳು.

ಹ್ಯಾವಿಲ್ಯಾಂಡ್ ಮೂರು ಗಂಟೆಗೆ ಬಂದರು, ಉದ್ದನೆಯ ತೆಳ್ಳನೆಯ ಮನುಷ್ಯ. ಅಮ್ಮ ಅವರಿಗೆ ಟೀ ಕೊಟ್ಟು ಅಜ್ಜಿಯ ಪಕ್ಕ ಬಗ್ಗಿ ಪಿಸುಗುಟ್ಟಿದಳು. "ಬೇಡ ಅಂದ್ರೆ ಬೇಡ ಅಮ್ಮ. ಈಗ್ಲೇ ಹೇಳಿ ಕಳಿಸ್ತೀನಿ."

ಅಜ್ಜಿ ಕೀಲಿಯನ್ನು ಹ್ಯಾವಿಲ್ಯಾಂಡರ ಕೈಗಿಟ್ಟಳು. "ಎರಡನೇ ಗೇರು... ಮೊಂಡು," ಎಂದಳು. "ಅವಸರ ಮಾಡ್ಬೇಡಿ."

ಕಾರು ಅಂಗಳ ದಾಟಿತು. ಹಿಂದಿನ ಕೆಂಪು ದೀಪಗಳು ಮಂಜಿನಲ್ಲಿ ಸ್ವಲ್ಪ ಹೊತ್ತು ತೇಲಿ ಮಾಯವಾದವು. ಸದ್ದು ಮಾತ್ರ ಬಹಳ ಹೊತ್ತು ಕೇಳುತ್ತಿತ್ತು, ಗುಡ್ಡದ ಕಡೆಯಿಂದ.

"ಅಷ್ಟೆಲ್ಲ ಪ್ರಾಕ್ಟೀಸ್ ಮಾಡಿದ್ದು ಓಡಿಸೋಕೆ ಅಂದ್ಕೊಂಡಿದ್ದೆ," ಎಂದಳು ಹೆಟ್ಟಿ. "ಕಾರು ಹೋಯ್ತಲ್ಲ ಅಜ್ಜಿ."

"ಕಾರು ಹೋಯ್ತು," ಎಂದಳು ಅಜ್ಜಿ. "ಕಾಲು... ಇಲ್ಲೇ ಇದೆ."

ಅವಳು ಹಿಂಬಾಗಿಲ ಮೂರು ಮೆಟ್ಟಿಲುಗಳ ಕಡೆ ಹೊರಟಳು. ಕಂಬಿ ಹಿಡಿದಳು. ಎಡಗಾಲು ಎತ್ತಲು ಬಹಳ ಹೊತ್ತು ಬೇಕಾಯಿತು. ಹೆಟ್ಟಿ ಸಹಾಯಕ್ಕೆಂದು ಎರಡೂ ಕೈ ಚಾಚಿದಳು. ಅಜ್ಜಿಯ ದವಡೆ ಬಿಗಿದದ್ದು ಕಾಣಿಸಿತು. ಕೈಗಳನ್ನು ನಿಧಾನವಾಗಿ ಕೋಟಿನ ಜೇಬಿಗೆ ಹಾಕಿಕೊಂಡು, ಎರಡು ಹೆಜ್ಜೆ ಹಿಂದೆ ನಿಂತು ಕಾದಳು.