ಸಿಹಿನೀರಿನ ಸಾಕ್ಷಿ

ನಲ್ಲಿ ಹರಿಯುತ್ತಿತ್ತು.

ಅಡುಗೆಯಾಕೆ ತರಕಾರಿ ಚೀಲಗಳನ್ನು ನೌಕೆಯ ಹಿಂಬದಿಯ ಕಟ್ಟೆಗೆ ಇಳಿಸುವಾಗಲೇ ಆ ಸದ್ದು ಅವಳ ಕಿವಿಗೆ ಬಿತ್ತು. ಯಜಮಾನರ ಸ್ನಾನದ ಕೋಣೆಯಿಂದ. ಹೊತ್ತು ಹನ್ನೊಂದಾಗಿದ್ದರೂ ಮಂಜು ಕರಗಿರಲಿಲ್ಲ. ಬಂದರಿನ ನೀರು ಎಣ್ಣೆ ಸವರಿದ ಕಲ್ಲಿನಂತೆ ಅಲುಗದೆ ಮಲಗಿತ್ತು. ದೂರದಲ್ಲಿ ಎಲ್ಲೋ, ಕಡಲಿಗೆ ಹೋಗುವ ಕಾಲುವೆಯ ಬಾಯಿಯಲ್ಲಿ, ತೇಲುಪೀಪಾಯಿಗೆ ಕಟ್ಟಿದ ಎಚ್ಚರಿಕೆಯ ಗಂಟೆ ಮಾತ್ರ ಕ್ಷೀಣವಾಗಿ ಬಡಿದುಕೊಳ್ಳುತ್ತಿತ್ತು.

"ಯಜಮಾನ್ರೇ, ನೀರು ಪೋಲಾಗ್ತಿದೆ!" ಎಂದು ಕೂಗಿದಳು.

ಉತ್ತರವಿಲ್ಲ.

ಆ ನೌಕೆಗೆ ಒಡಲು ಎರಡು. ಎರಡು ಉದ್ದನೆಯ ಒಡಲುಗಳನ್ನು ಪಕ್ಕಪಕ್ಕ ನಿಲ್ಲಿಸಿ, ನಡುವೆ ಗಾಜಿನ ಹಜಾರವನ್ನು ಸೇತುವೆಯಂತೆ ಹೊದಿಸಿದ ಎಪ್ಪತ್ತಡಿಯ ಕ್ಯಾಟಮರಾನ್. ಎಡಮನೆ, ಬಲಮನೆ ಎಂದೇ ಅದರ ಮೇಲಿನವರ ಮಾತು. ಎಡಮನೆಯಲ್ಲಿ ಅಡುಗೆಕೋಣೆ, ಯಂತ್ರಗಳು, ಅಡುಗೆಯಾಕೆ ಮತ್ತು ಅವಳ ಗಂಡ ಕ್ಯಾಪ್ಟನ್ ಮಲಗುವ ಗೂಡು. ಬಲಮನೆ ಪೂರ್ತಿ ಯಜಮಾನರದು. ಎಂಜಿನ್ ಎರಡು. ಅವು ಸಾಲದೆಂದು, ಬೆಕ್ಕಿನ ಹೆಜ್ಜೆಯಷ್ಟೂ ಸದ್ದು ಮಾಡದ ವಿದ್ಯುತ್ ಮೋಟಾರು ಎರಡು. ಚಾವಣಿಯ ತುಂಬ ಸೌರಫಲಕ. ಮೂಗಿನ ಕಡೆ, ಎರಡು ಒಡಲುಗಳ ನಡುವೆ ಬಿಗಿದ ದೊಡ್ಡ ಬಲೆ. ಯಜಮಾನರು ಬಂದವರಿಗೆಲ್ಲ ಒಂದು ಆಟ ತೋರಿಸುತ್ತಿದ್ದರು. ನಡುಗಡಲಲ್ಲಿ ಊಟದ ಮೇಜಿನ ಮೇಲೆ ಕಂಠಮಟ್ಟ ನೀರು ತುಂಬಿದ ಲೋಟ ಇಟ್ಟು, "ನೋಡಿ, ಒಂದು ಹನಿ ಚೆಲ್ಲಿದರೆ ನನ್ನ ಹೆಸರು ಬದಲಿಸಿ!" ಎನ್ನುವರು.

ಅಡುಗೆಯಾಕೆ ಬಲಮನೆಯ ಮೆಟ್ಟಿಲಿಳಿದಳು. ದಿನವೂ ಈ ಹೊತ್ತಿಗೆ ಯಜಮಾನರು ಮಂಚದ ಮೇಲೆ ಕುಳಿತು ಪದ್ಯ ಹೇಳುತ್ತಿರುವರು. ಬೆರಳು ಮಂಚದ ಕಟ್ಟಿಗೆಯ ಮೇಲೆ ತಾಳ ಹಾಕುತ್ತಿರುವುದು. ಮೂರು, ನಾಲ್ಕು. ಮೂರು, ನಾಲ್ಕು. ಹುಳಿಗೆ ಒಗ್ಗರಣೆ ಕೊಡುವಾಗ ಅವಳ ಸೌಟೂ ತನಗರಿವಿಲ್ಲದೆ ಅದೇ ತಾಳಕ್ಕೆ ಬೀಳುವಷ್ಟು ಅದು ನೌಕೆಯಲ್ಲಿ ಹೊಕ್ಕುಹೋಗಿತ್ತು. ಇವತ್ತು ಅದಿಲ್ಲ.

ಮಂಚ ಖಾಲಿ. ದಿಂಬಿನ ಮೇಲೆ ಮಡಿಸಿಟ್ಟ ಕನ್ನಡಕ. ಗೋಡೆಯ ತುರ್ತುಕಿಂಡಿ ಹಾರುಹೊಡೆದಿತ್ತು. ನೌಕೆ ಮಗುಚಿದರೆ ಹೊರಬರಲೆಂದು ನೀರಿಗೆ ಒಂದು ಗೇಣು ಮೇಲೆ ಕೂರಿಸಿದ ದಪ್ಪ ಗಾಜಿನ ಕಿಂಡಿ ಅದು. ಅದರಾಚೆ, ಎರಡು ಒಡಲುಗಳ ನಡುವಿನ ಕತ್ತಲಲ್ಲಿ, ಕಪ್ಪು ನೀರು.

ಅವಳು ನಲ್ಲಿ ತಿರುಗಿಸಿ ನಿಲ್ಲಿಸಿದಳು. ಆಮೇಲೆ ಕಿರುಚಿದಳು.

ಮೇಲಟ್ಟದಿಂದ ಯಜಮಾನರ ಅಳಿಯ ಇಳಿದು ಬಂದ. ಹೆಗಲ ಮೇಲೆ ಕಂಬಳಿ, ಕಣ್ಣು ಕೆಂಪು.

"ಏನಾಯ್ತಮ್ಮ?"

"ಯಜಮಾನ್ರು..."

ಅವನು ಕಿಂಡಿ ನೋಡಿದ. ನೀರು ನೋಡಿದ. ಮೆಟ್ಟಿಲ ಮೇಲೆ ಕುಳಿತು ಮುಖ ಮುಚ್ಚಿಕೊಂಡ.

*

ಹನ್ನೆರಡೂವರೆಯ ಹೊತ್ತಿಗೆ ನಾಲ್ವರು ಮುಳುಗುಗಾರರು ಬಂದರಿನ ಕೆಸರನ್ನು ಕಲಕುತ್ತಿದ್ದರು. ಪಟ್ಟಣದ ವರ್ಕ್‌ಶಾಪಿನಲ್ಲಿದ್ದ ಕ್ಯಾಪ್ಟನ್ನನನ್ನು ಹಿಡಿದು ತಂದು ಬಂದರಿನ ಕಚೇರಿಯಲ್ಲಿ ಕೂರಿಸಿದ್ದರು. ತುರ್ತುಕಿಂಡಿಗೆ ಬೀಗದಂತೆ ಹಾಕುವ ಉಕ್ಕಿನ ಮೊಳೆ ಅವನ ಉಪಕರಣದ ಪೆಟ್ಟಿಗೆಯಲ್ಲೇ ಸಿಕ್ಕಿತ್ತು!

"ಮೊಳೆ ಬಿಚ್ಚಿಟ್ಟವನು ಹಾಕೋದು ಮರೆತ. ಮುದುಕರು ಕಿಂಡಿಗೆ ಒರಗಿದರು. ಹೋದರು," ಎಂದ ಇನ್ಸ್‌ಪೆಕ್ಟರ್, ಹಜಾರದ ಸೋಫಾದಲ್ಲಿ ಕುಳಿತು. "ಅಜಾಗರೂಕತೆಯಿಂದ ಸಾವು. ಜೈಲು ಗ್ಯಾರಂಟಿ."

"ನನ್ನ ಗಂಡ ಅಂಥವರಲ್ಲ ಸಾರ್. ರಾತ್ರಿ ಮಲಗೋ ಮುಂಚೆ ಒಂದೊಂದು ಮೊಳೆ ಮುಟ್ಟಿ ನೋಡಿ ಮಲಗ್ತಾರೆ. ನನ್ನ ಮುಖವನ್ನಾದರೂ ನೋಡೋದು ಮರೀತಾರೆ, ಅದನ್ನ ಮರೆಯಲ್ಲ," ಎಂದಳು ಅಡುಗೆಯಾಕೆ.

"ಹೆಂಡತಿ ಹೇಳೋದೇ ಹಾಗಮ್ಮ."

ಆಗ ಒಳಗೆ ಬಂದವರು ಬಂದರಿನ ಅಪಘಾತಗಳ ತನಿಖಾಧಿಕಾರಿ. ಐವತ್ತೆಂಟರ ಹೆಂಗಸು, ದಪ್ಪ ಮೈ, ಸಣ್ಣ ದನಿ. ಕೂತಲ್ಲಿ ಕೂತು ಎದುರಿನವರಿಂದ ಮಾತಾಡಿಸುವುದರಲ್ಲಿ ಪಳಗಿದವರು. ಅವರು ಎರಡು ಗಂಟೆಗೆ ಬರುವವರಿದ್ದರಂತೆ, ಮೊದಲೇ ಬಂದರು. ಯಾಕೆ ಬರುವವರಿದ್ದರು ಎಂದು ಯಾರಿಗೂ ಹೇಳಲಿಲ್ಲ.

"ಒಂದು ಚಹಾ ಸಿಗುತ್ತೇನಮ್ಮ?" ಎಂದರು.

ಅಡುಗೆಯಾಕೆ ಎಲ್ಲರಿಗೂ ಚಹಾ ತಂದಳು. ಲೋಟದೊಳಗಿನ ಚಹಾ ಒಂದಿಷ್ಟೂ ನಡುಗಲಿಲ್ಲ. ಗಾಳಿಯೇ ಸತ್ತುಹೋದಂಥ ದಿನ.

"ನೀವು ಎಲ್ಲಿದ್ದಿರಿ?" ತನಿಖಾಧಿಕಾರಿ ಅಳಿಯನನ್ನು ಕೇಳಿದರು.

"ಮೇಲಟ್ಟದಲ್ಲಿ ಮಲಗಿದ್ದೆ. ಬೆಳಿಗ್ಗೆ ಆರೂವರೆಗೆ ಕ್ಯಾಪ್ಟನ್, ಈಯಮ್ಮ ಇಬ್ಬರೂ ಹೊರಟರು. ಒಬ್ಬರು ವರ್ಕ್‌ಶಾಪಿಗೆ, ಒಬ್ಬರು ಮಾರ್ಕೆಟ್ಟಿಗೆ."

"ಕಳಿಸಿದ್ದು ಯಾರು?"

"ನಾನೇ. ಪಂಪಿನ ಭಾಗ ಬೇಕಿತ್ತು, ಸಾಮಾನು ಮುಗಿದಿತ್ತು. ತಪ್ಪೇ?"

"ತಪ್ಪೇನಿಲ್ಲ. ಮಾವನವರನ್ನು ಕೊನೆಗೆ ನೋಡಿದ್ದು?"

"ನೋಡಲಿಲ್ಲ, ಕೇಳಿದೆ. ಎಂಟು ಗಂಟೆಗೆ ಕೆಳಗೆ ನಲ್ಲಿ ಬಿಟ್ಟ ಸದ್ದು. ಮುಖ ತೊಳೀತಾ ಇದ್ದಾರೆ ಅಂದುಕೊಂಡೆ. ಮತ್ತೆ ಕಣ್ಣು ಹತ್ತಿತು. ನಿದ್ದೆಯಲ್ಲೂ ಆ ನಲ್ಲಿ ಸುರೀತಾನೇ ಇತ್ತು. ನಾನು ಆಗಲೇ ಎದ್ದು ಹೋಗಿದ್ದರೆ..." ಅವನು ಕಂಬಳಿಯ ತುದಿಯಿಂದ ಕಣ್ಣೊರೆಸಿಕೊಂಡ.

"ಎಂಟರಿಂದ ಹನ್ನೊಂದರವರೆಗೂ ಸುರೀತಿತ್ತು?"

"ಹೌದು."

"ಈ ನಡುವೆ ನೌಕೆ ಎಲ್ಲೂ ಹೋಗಲಿಲ್ಲ?"

ಇನ್ಸ್‌ಪೆಕ್ಟರ್ ನಕ್ಕ. "ಹೋಗೋದೆಲ್ಲಿಗೆ ಮೇಡಂ? ಮಂಜಿಗೆ ಬಂದರೇ ಬಂದ್! ಎಂಜಿನ್ ಎಷ್ಟು ಗಂಟೆ ಓಡಿದೆ ಅಂತ ತೋರಿಸೋ ಮೀಟರ್ ನೋಡಿದೆ. ಕ್ಯಾಪ್ಟನ್ ನಿನ್ನೆ ಬರೆದಿಟ್ಟ ಅಂಕಿಯೇ ಇದೆ. ಬಂದರಿನ ಕಾವಲುಗಾರನೂ ಹೇಳ್ತಾನೆ, ಈ ಎಂಜಿನ್ ಶುರುವಾದರೆ ನನ್ನ ಗೂಡಿನ ಗಾಜು ಗಡಗಡ ಅನ್ನುತ್ತೆ, ಇವತ್ತು ಅನ್ನಲಿಲ್ಲ ಅಂತ. ಅವನಿಗೆ ಎರಡು ಮಾರು ಆಚೆಗೆ ಏನೂ ಕಾಣ್ತಿರಲಿಲ್ಲ, ಅದು ಬೇರೆ ಮಾತು."

ತನಿಖಾಧಿಕಾರಿ ತಲೆಯಾಡಿಸಿದರು. ಚಹಾ ಮುಗಿಸಿದರು.

"ಚಹಾ ಚೆನ್ನಾಗಿದೆ. ಇನ್ನೊಂದು ಲೋಟ ನೀರು ಕೊಡಮ್ಮ. ಧಾರಾಳವಾಗಿದೆ ತಾನೇ?"

"ಇದೆ ಮೇಡಂ. ಮುಳ್ಳು ಮುಕ್ಕಾಲು ದಾಟಿದೆ. ಬೆಳಿಗ್ಗೆ ಇದೇ ನೀರಿಗೆ ನಾನು ನನ್ನ ಗಂಡನ ಜೊತೆ..." ಅಡುಗೆಯಾಕೆ ಲೋಟವನ್ನು ಮೇಜಿನ ಮೇಲಿಟ್ಟಳು.

"ಅವರ ಜೊತೆ?"

"ಜಗಳ ಆಡಿದ್ದೆ. ಕಾಲು ತೊಟ್ಟಿ ಉಳಿದಿತ್ತು. ಪಾತ್ರೆ ಹೇಗೆ ತೊಳೀಲಿ, ಬೇಳೆ ಹೇಗೆ ಬೇಯಿಸಲಿ ಅಂತ. ಬಂದು ನೋಡಿದರೆ ತುಂಬಿತ್ತು. ಸದ್ಯ, ದಡದ ಪೈಪಿನಿಂದ ತುಂಬಿಸಿ ಹೋಗಿದ್ದಾರೆ ಅಂದುಕೊಂಡೆ. ಆದರೆ..."

"ದಡದ ಪೈಪು ಒಡೆದು ಎರಡು ದಿನ ಆಯ್ತು," ಎಂದರು ತನಿಖಾಧಿಕಾರಿ. "ಬರುವಾಗ ಅದನ್ನೇ ದಾಟಿ ಬಂದೆ. ಇನ್ಸ್‌ಪೆಕ್ಟರೇ, ಕ್ಯಾಪ್ಟನ್ನನನ್ನು ಇಲ್ಲಿಗೆ ಕರೆಸಿ."

ಅಳಿಯ ಕಂಬಳಿಯನ್ನು ಮತ್ತಷ್ಟು ಬಿಗಿಯಾಗಿ ಎಳೆದುಕೊಂಡ.

*

ಕ್ಯಾಪ್ಟನ್ ಬಂದ. ಎರಡು ಗಂಟೆಯಲ್ಲಿ ಎರಡು ವರ್ಷ ಮುದುಕನಾದಂತಿದ್ದ. ಹೆಂಡತಿಯ ಕಡೆ ನೋಡಲಿಲ್ಲ.

"ಈ ನೌಕೆಯಲ್ಲಿ ಸಮುದ್ರದ ಉಪ್ಪುನೀರನ್ನು ಸಿಹಿ ಮಾಡುವ ಯಂತ್ರ ಇದೆಯಲ್ಲವೇ?" ತನಿಖಾಧಿಕಾರಿ ಕೇಳಿದರು.

"ಇದೆ ಮೇಡಂ, ಎಡಮನೆಯಲ್ಲಿ. ಗಂಟೆಗೆ ಮುನ್ನೂರು ಲೀಟರ್. ತೊಟ್ಟಿ ಎಂಟುನೂರರದು."

"ಬೆಳಿಗ್ಗೆ ಬಂದರಿನಲ್ಲಿ ಅದನ್ನು ಹಾಕಿ ಹೋದಿರಾ?"

"ಬಂದರಿನಲ್ಲಾ?" ಕ್ಯಾಪ್ಟನ್ ಬೆಚ್ಚಿದ. "ಈ ಕೆಸರು, ಈ ಡೀಸೆಲ್ ಒಂದು ಗಂಟೆ ಎಳೆದರೆ ಅದರ ಉಪ್ಪು ಸೋಸೋ ಪೊರೆಗಳೆಲ್ಲ ಮಣ್ಣುಪಾಲು! ಕಡಲಿಗೆ ಹೋದಾಗ ಮಾತ್ರ ಓಡುತ್ತೆ. ನಾನೂ ಹಾಕೋದಿಲ್ಲ, ಅದೇ ಹಾಕಿಕೊಳ್ಳುತ್ತೆ."

"ಅಂದರೆ?"

ಅವನು ಮೊದಲ ಸಲ ಹೆಂಡತಿಯತ್ತ ನೋಡಿದ. "ಇವಳ ಬಾಯಿಗೆ ಹೆದರಿ ಮೇಡಂ. ಕಡಲಿಗೆ ಹೋದಾಗಲೆಲ್ಲ ಅದನ್ನ ಹಾಕೋದು ಮರೀತಿದ್ದೆ. ವಾಪಸ್ ಬಂದ ಮೇಲೆ ವಾರವಿಡೀ ಬೈಗುಳ. ಹೋದ ತಿಂಗಳು ಒಂದು ವೈರು ಎಳೆದು ಆಳ ಅಳೆಯೋ ಮೀಟರಿಗೆ ಕಟ್ಟಿಬಿಟ್ಟೆ. ಕೆಳಗೆ ಇಪ್ಪತ್ತು ಮೀಟರಿಗಿಂತ ಹೆಚ್ಚು ನೀರಿದ್ದು, ತೊಟ್ಟಿ ಕಡಿಮೆಯಿದ್ದರೆ ಯಂತ್ರ ತಾನಾಗಿ ಶುರು. ಇವಳಿಗೂ ಹೇಳಿರಲಿಲ್ಲ. ನಾನೇ ನೆನಪಿಟ್ಟುಕೊಂಡು ಮಾಡ್ತಿದೀನಿ ಅಂತ ಅಂದುಕೊಳ್ಳಲಿ ಅಂತ."

"ಈ ಬಂದರಿನ ಆಳ?"

"ಆರು ಮೀಟರ್."

ತನಿಖಾಧಿಕಾರಿ ನೀರಿನ ಲೋಟವನ್ನು ಮೇಜಿನ ನಡುವಿಗೆ ತಳ್ಳಿದರು.

"ಎಲ್ಲರೂ ಕಿಂಡಿ ನೋಡಿದಿರಿ, ಮೊಳೆ ನೋಡಿದಿರಿ. ಹರಿಯುತ್ತಿದ್ದ ನಲ್ಲಿಯನ್ನು ಯಾರೂ ನೋಡಲಿಲ್ಲ. ಬೆಳಿಗ್ಗೆ ತೊಟ್ಟಿಯಲ್ಲಿದ್ದದ್ದು ಇನ್ನೂರು ಲೀಟರ್. ಎಂಟಕ್ಕೆ ನಲ್ಲಿ ಬಿಟ್ಟರೆ ಒಂಬತ್ತಕ್ಕೆ ಮುಂಚೆ ತೊಟ್ಟಿ ಒಣಗಬೇಕು. ಹನ್ನೊಂದಕ್ಕೂ ಹರಿಯುತ್ತಿತ್ತು, ನಿಲ್ಲಿಸಿದ ಮೇಲೂ ಮುಕ್ಕಾಲು ತೊಟ್ಟಿ ಮಿಕ್ಕಿದೆ. ನಲ್ಲಿಯಲ್ಲಿ ಸುರಿದುಹೋದದ್ದೂ ಸೇರಿ ಹತ್ತಿರ ಹತ್ತಿರ ಆರುನೂರು ಲೀಟರ್ ಹೊಸ ನೀರು. ಅಂದರೆ ಇವತ್ತು ಬೆಳಿಗ್ಗೆ ಈ ನೌಕೆ ಕಾಲುವೆ ದಾಟಿ, ಆಳದ ಕಡಲಲ್ಲಿ ಎರಡು ಗಂಟೆ ಕಳೆದು ಬಂದಿದೆ."

"ಎಂಜಿನ್ ಮೀಟರ್ ಅಲುಗಿಲ್ಲವಲ್ಲ ಮೇಡಂ!" ಎಂದ ಇನ್ಸ್‌ಪೆಕ್ಟರ್.

"ಎಂಜಿನ್ ಓಡಲಿಲ್ಲ. ವಿದ್ಯುತ್ ಮೋಟಾರು ಓಡಿತು. ಕಾವಲುಗಾರನ ಗಾಜು ಗಡಗಡ ಅನ್ನಲಿಲ್ಲ. ಕೆಳಗೆ ಕೋಣೆಯಲ್ಲಿದ್ದ ಮುದುಕರಿಗೂ ತಾವು ಹೊರಟದ್ದು ತಿಳಿಯಲಿಲ್ಲ. ಮಂಜು ಪರದೆ ಹಿಡಿಯಿತು. ಆಗ ನೌಕೆಯ ಮೇಲಿದ್ದವರು ಇಬ್ಬರೇ." ಅವರು ಅಳಿಯನ ಕಡೆ ತಿರುಗಿದರು. "ಮಾವನನ್ನು ಹಿಂಬದಿಯ ಕಟ್ಟೆಗೆ ಕರೆದು ತಳ್ಳಿದಿರಿ. ಮಂಜಿನಲ್ಲಿ ದಾರಿ ತಪ್ಪಿ ಅಲೆದಿರಿ. ಬಂದು ಕಿಂಡಿ ತೆರೆದಿರಿ, ಮೊಳೆಯನ್ನು ಕ್ಯಾಪ್ಟನ್ನನ ಪೆಟ್ಟಿಗೆಗೆ ಸೇರಿಸಿದಿರಿ, ಮಾವ ಎಂಟಕ್ಕೆ ಇಲ್ಲೇ ಇದ್ದರು ಅನ್ನಿಸಲು ನಲ್ಲಿ ಬಿಟ್ಟಿರಿ."

"ನನಗೆ ಓಡಿಸೋಕೇ ಬರಲ್ಲ!"

"ಒಂದು ಕಡ್ಡಿ ತಿರುಗಿಸಿದರೆ ಓಡುತ್ತೆ," ಎಂದ ಕ್ಯಾಪ್ಟನ್ ಮೆಲ್ಲಗೆ. "ಯಜಮಾನ್ರೇ ಕೈಹಿಡಿದು ಕಲಿಸಿದ್ರು ನಿಮಗೆ."

"ಮಾವನನ್ನ ನಾನು ಯಾಕೆ ಕೊಲ್ಲಲಿ?"

ತನಿಖಾಧಿಕಾರಿ ಚೀಲದಿಂದ ಒಂದು ಕಾಗದ ತೆಗೆದರು. "ಹೋದ ವರ್ಷ ಇದೇ ನೌಕೆಯಿಂದ ನಿಮ್ಮ ಹೆಂಡತಿ ಕಡಲಿಗೆ ಬಿದ್ದರು. ನೌಕೆ ಒಮ್ಮೆಲೇ ವಾಲಿತು, ಕಾಲು ಜಾರಿತು ಅಂತ ಬರೆದುಕೊಟ್ಟಿರಿ. ಮಗಳ ದುಃಖದಲ್ಲಿ ತಂದೆ ಅದನ್ನು ಓದಲೇ ಇಲ್ಲ. ಮೊನ್ನೆ ಓದಿದರು. ನನಗೆ ಬರೆದರು: 'ತುಂಬಿದ ಲೋಟ ಚೆಲ್ಲದ ನೌಕೆ ನನ್ನ ಮಗಳನ್ನು ಚೆಲ್ಲಿತೇ? ಗುರುವಾರ ಎರಡು ಗಂಟೆಗೆ ಬನ್ನಿ.' ಇವತ್ತು ಗುರುವಾರ. ಕಾಗದ ಬರೆದದ್ದು ನಿಮಗೂ ಗೊತ್ತಾಯಿತು."

ಅಳಿಯ ಮುಖ ಎತ್ತಿದ. ಅದರಲ್ಲಿ ಅಳು ಇರಲಿಲ್ಲ. ಕೆಂಪು ಕಣ್ಣು ಮಾತ್ರ ಹಾಗೇ ಇತ್ತು.

"ಸೊಗಸಾದ ಕಥೆ. ಒಂದು ಲೋಟ ನೀರಿನ ಕಥೆ. ಎಲ್ಲಿ ಮಾವ? ಅಷ್ಟು ದೊಡ್ಡ ಕಡಲು ಮೇಡಂ. ಎಲ್ಲಿ ಅಂತ ಹುಡುಕ್ತೀರಿ?"

ಅದು ನಿಜವೇ ಆಗಿತ್ತು. ಗಾಜಿನಾಚೆ ಬಿಳಿಯ ಗೋಡೆಯಂತೆ ಮಂಜು. ಆ ಮೌನದಲ್ಲಿ ಅಡುಗೆಯಾಕೆಯ ಬೆರಳು ಮೇಜಿನ ಅಂಚಿನ ಮೇಲೆ ತಾನಾಗಿ ಆಡುತ್ತಿತ್ತು. ಬಡಿಯುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬಡಿಯುತ್ತಿತ್ತು. ಅದು ಏನನ್ನು ಹಿಂಬಾಲಿಸುತ್ತಿದೆಯೆಂದು ಅವಳಿಗೆ ತಟ್ಟನೆ ತಿಳಿಯಿತು.

"ಮೇಡಂ, ಹೊರಗೆ ಗಾಳಿ ಇದೆಯಾ?"

"ಇಲ್ಲವಲ್ಲಮ್ಮ."

"ಅಲೆ?"

"ಒಂದೂ ಇಲ್ಲ," ಎಂದ ಕ್ಯಾಪ್ಟನ್.

"ಹಾಗಾದ್ರೆ ಆ ಗಂಟೆ ಯಾಕ್ರೀ ಬಡೀತಿದೆ?"

ಎಲ್ಲರೂ ಕಿವಿಗೊಟ್ಟರು. ವರ್ಷವೆಲ್ಲ ಕೇಳಿ ಕೇಳಿ ಯಾರ ಕಿವಿಗೂ ತಾಕದಂತಾದ ಗಂಟೆ. ಅಲೆ ತೂಗಿದರೆ ಮಾತ್ರ ಬಡಿಯುವ, ಹೇಗೆಂದರೆ ಹಾಗೆ ಬಡಿಯುವ ಗಂಟೆ. ಈಗ ಅದು ಲೆಕ್ಕ ಹಿಡಿದಿತ್ತು. ಮೂರು. ಬಿಡುವು. ನಾಲ್ಕು. ಬಿಡುವು.

"ಅದು ನಮ್ಮ ಯಜಮಾನ್ರ ತಾಳ!" ಅವಳು ದಡಬಡಿಸಿ ಎದ್ದಳು. "ಹನ್ನೊಂದು ಗಂಟೆಯಿಂದ ಕೂಗ್ತಿದಾರೆ. ನಾನು ಚಹಾ ಕಾಸ್ತಾ ಕೂತಿದ್ದೆ!"

ಅಳಿಯನ ಹೆಗಲಿಂದ ಕಂಬಳಿ ಜಾರಿತು. ಬಡಿಯದ ಗಂಟೆ ಅವನಿಗೆ ಕೇಳಿರಲಿಲ್ಲ. ಮಂಜಿನಲ್ಲಿ ಅದು ಕಂಡೂ ಇರಲಿಲ್ಲ. ದಿನಕ್ಕೊಂದು ಮೈಲಿ ಈಜುವ ಮುದುಕನನ್ನು ಅವನು ಅದರ ಪಕ್ಕದಲ್ಲೇ ಕೆಡವಿ ಬಂದಿದ್ದ.

ಇನ್ಸ್‌ಪೆಕ್ಟರ್ ಎದ್ದು ಅವನ ರಟ್ಟೆ ಹಿಡಿದ.

*

ಹಗ್ಗ ಬಿಚ್ಚಿದ್ದೇ ತಡ, ನೌಕೆ ಮಂಜಿನೊಳಗೆ ಹೊಕ್ಕಿತು.

"ಎಂಜಿನ್ ಬೇಡ. ನನಗೆ ಕೇಳಿಸಬೇಕು," ಎಂದಿದ್ದಳು ಅಡುಗೆಯಾಕೆ. ಮೋಟಾರು ಮೌನವಾಗಿ ತಿರುಗಿತು. ಅವಳು ಮೂಗಿನ ಬಲೆಯ ಮೇಲೆ ಮಂಡಿಯೂರಿದ್ದಳು. ಕೈಯಲ್ಲಿ ಚಹಾದ ಸೌಟು. ಇಡುವುದನ್ನೇ ಮರೆತಿದ್ದಳು. ಕೆಳಗೆ, ಬಲೆಯ ಕಣ್ಣುಗಳ ಆಚೆ, ಕಪ್ಪು ನೀರು ಜಾರಿ ಹೋಗುತ್ತಿತ್ತು.

ಮೂರು. ನಾಲ್ಕು.

"ಸ್ವಲ್ಪ ಎಡಕ್ಕೆ, ರೀ!"

ಗಂಟೆ ಹತ್ತಿರವಾಯಿತು. ಆದರೆ ಬಿಡುವು ಉದ್ದವಾಗುತ್ತಿತ್ತು. ಬಡಿತ ಸೋಲುತ್ತಿತ್ತು. ಮೂರು... ಆಮೇಲೆ ಎರಡೇ. ಆಮೇಲೆ ಒಂದು.

ಆಮೇಲೆ ಏನೂ ಇಲ್ಲ.

ಕ್ಯಾಪ್ಟನ್ ನೌಕೆಯನ್ನು ನಿಲ್ಲಿಸಿದ. ಎಲ್ಲ ದಿಕ್ಕೂ ಒಂದೇ ಬಿಳುಪು. ತನಿಖಾಧಿಕಾರಿಯ ತುಟಿ ಸದ್ದಿಲ್ಲದೆ ಏನನ್ನೋ ಜಪಿಸುತ್ತಿತ್ತು.

ಅಡುಗೆಯಾಕೆ ಸೌಟು ಎತ್ತಿದಳು. ಪಕ್ಕದ ಉಕ್ಕಿನ ಕಂಬಿಗೆ ಬಲವಾಗಿ ಬಡಿದಳು. ಮೂರು ಸಲ. ಬಡಿದು, ಉಸಿರು ಬಿಗಿಹಿಡಿದು, ಕಾದಳು.

ಮಂಜಿನೊಳಗಿಂದ, ತೀರ ಹತ್ತಿರದಿಂದ, ಗಂಟೆ ನಾಲ್ಕು ಸಲ ಬಡಿಯಿತು.