ಉಜ್ಜಿ ಅಳಿಸಿದ ನಂಬರ್

2024ರ ಜುಲೈ 13, ಶನಿವಾರ. ಬೆಳಿಗ್ಗೆ 9.40ಕ್ಕೆ ಇಪೋ ನಗರದ ತಾಮನ್ ಮೆರಂತಿ ಠಾಣೆಗೆ ಲಿಯಾಂಗ್ ಕೋಕ್ ವಾ ಎಂಬ ಅರವತ್ತೊಂದು ವರ್ಷದವರು ಬಂದರು. ಟೈಲ್ಸ್ ಅಂಗಡಿಯನ್ನು ಮಗಳಿಗೆ ಬಿಟ್ಟುಕೊಟ್ಟು ಈಗ ಮನೆಯಲ್ಲಿರುವವರು. ತಮ್ಮ ಕಾರಿನ ವಿಷಯವಾಗಿ ದೂರು ಕೊಡಬೇಕೆಂದರು. ಕಾರು ಕಳುವಾಗಿಲ್ಲ, ಗಾಜು ಒಡೆದಿಲ್ಲ, ಒಂದು ಗೀರೂ ಬಿದ್ದಿಲ್ಲ ಎಂದು ಅವರೇ ಹೇಳಿದಾಗ, ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೆಬಲ್ ಪೆನ್ನು ಕೆಳಗಿಟ್ಟ.

"ಮತ್ತೆ ಏನಾಗಿದೆ ಅಂಕಲ್?"

"ನಂಬರ್ ಹೋಗಿದೆ. ಚಾಸಿ ನಂಬರ್. ಯಾರೋ ಉಜ್ಜಿ ತೆಗೆದುಬಿಟ್ಟಿದ್ದಾರೆ."

ಒಳಕೋಣೆಯಲ್ಲಿದ್ದ ಇನ್ಸ್‌ಪೆಕ್ಟರ್ ಹರ್ಲಿನಾ ಮೊಖ್ತಾರ್ ಅವರಿಗೆ ಈ ಮಾತು ಕೇಳಿಸಿತು. ಎದ್ದು ಬಂದು ಲಿಯಾಂಗ್ ಅವರನ್ನು ಕೂರಿಸಿ ಮೊದಲಿನಿಂದ ಹೇಳಲು ಹೇಳಿದರು.

ಕಾರು 1999ರ ಪ್ರೋಟಾನ್ ಸಟ್ರಿಯಾ ಜಿಟಿಐ. ಬಿಳಿ ಬಣ್ಣ, ಎರಡು ಬಾಗಿಲು. ಲಿಯಾಂಗ್ 2010ರಲ್ಲಿ ಹನ್ನೊಂದು ಸಾವಿರ ರಿಂಗಿಟ್‌ಗೆ ಕೊಂಡದ್ದು. ಆಗ ಈ ಮಾದರಿಯನ್ನು ಕೇಳುವವರಿರಲಿಲ್ಲ. ಹಲವರು ಬಿಡಿಭಾಗಕ್ಕೆಂದು ಕಡಿದು ಮಾರಿದರು. ಉಳಿದವು ಬೆರಳೆಣಿಕೆಯಷ್ಟು, ಅದರಲ್ಲೂ ಮೂಲ ಎಂಜಿನ್, ಮೂಲ ಬಣ್ಣ, ಮೂಲ ನಂಬರ್ ಇರುವವು ಇನ್ನೂ ಕಡಿಮೆ. ನಾಲ್ಕೈದು ವರ್ಷಗಳಿಂದ ಬೆಲೆ ಏರುತ್ತಲೇ ಹೋಗಿ, ಈಗ ಕೌಲಾಲಂಪುರದ ಒಬ್ಬ ಗಿರಾಕಿ ಲಿಯಾಂಗ್ ಅವರ ಕಾರಿಗೆ ತೊಂಬತ್ತಾರು ಸಾವಿರ ಕೊಡಲು ಒಪ್ಪಿದ್ದ. ಸೋಮವಾರ ವಾಹನ ತಪಾಸಣೆ, ಆಮೇಲೆ ಹೆಸರು ವರ್ಗಾವಣೆ. ಶನಿವಾರ ಬೆಳಿಗ್ಗೆ ತೊಳೆಯೋಣವೆಂದು ಬಾನೆಟ್ ಎತ್ತಿದರೆ ನಂಬರ್ ಇರಬೇಕಾದ ಕಡೆ ಬರಿಯ ತಗಡು. ನಂಬರ್ ಇಲ್ಲದ ಕಾರು ತಪಾಸಣೆಯಲ್ಲಿ ಕದ್ದ ಮಾಲಿಗೆ ಸಮ. ಗಿರಾಕಿಗೆ ಫೋನ್ ಮಾಡಿದ್ದಕ್ಕೆ ಅವನು ಬೇಡ ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದ.

10.30ಕ್ಕೆ ಎಫ್‌ಐಆರ್ ದಾಖಲಾಯಿತು: ಮನೆಗೆ ಅತಿಕ್ರಮ ಪ್ರವೇಶ, ಸ್ವತ್ತಿಗೆ ನಷ್ಟ.

11.15ಕ್ಕೆ ಹರ್ಲಿನಾ, ಸಾರ್ಜೆಂಟ್ ತಣಬಾಲನ್ ಅವರೊಂದಿಗೆ ಲಿಯಾಂಗ್ ಅವರ ಮನೆಗೆ ಹೋಗಿ ಮಹಜರು ನಡೆಸಿದರು. ಕಾರು ಮುಂದಿನ ಚಪ್ಪರದಡಿ ಹೊದಿಕೆ ಹೊದ್ದು ನಿಂತಿತ್ತು. ಗೇಟಿಗೆ ಬೀಗ, ಬೀಗದ ಕೈ ಹೂಕುಂಡದ ಕೆಳಗೆ. ಕಾರಿನ ಬಾಗಿಲಲ್ಲಿ ಬಲವಂತದ ಗುರುತಿಲ್ಲ. ಬಾನೆಟ್ ಬಿಡಿಸುವ ಹಿಡಿ ಕಾರಿನ ಒಳಗೆ. ಎಂಜಿನ್ ಹಿಂದಿನ ತಗಡಿನ ಗೋಡೆಯ ಮೇಲೆ ಒಂದು ಗೇಣುದ್ದ ಕೈ ಗ್ರೈಂಡರ್‌ನಲ್ಲಿ ಉಜ್ಜಲಾಗಿತ್ತು. ಇಷ್ಟನ್ನೂ ಬರೆಸಿದ ಹರ್ಲಿನಾ ಟಾರ್ಚ್ ಹಿಡಿದು ಬಗ್ಗಿದವರು ಬಹಳ ಹೊತ್ತು ಹಾಗೇ ಇದ್ದರು.

ಉಜ್ಜಿದ ಜಾಗಕ್ಕೆ ತೆಳ್ಳಗೆ ರೆಡ್ ಆಕ್ಸೈಡ್ ಬಳಿದಿತ್ತು. ಅಂಚಿನ ಬಿಳಿ ಬಣ್ಣಕ್ಕೆ ತಾಗದಂತೆ, ಸಣ್ಣ ಕುಂಚದಲ್ಲಿ. ಸುತ್ತ ಎಲ್ಲೂ ಕಬ್ಬಿಣದ ಪುಡಿಯಿಲ್ಲ. ಬ್ಯಾಟರಿಯ ಮೇಲೆ, ವೈರುಗಳ ಮೇಲೆ ಬಟ್ಟೆ ಹಾಸಿ ಕೆಲಸ ಮಾಡಿ, ಆಮೇಲೆ ಬಟ್ಟೆಯನ್ನು ಮಡಿಚಿಕೊಂಡು ಹೋಗಿದ್ದರು.

"ಇದ್ಯಾಕೆ ಬಳಿದಿದ್ದಾನೆ?" ಎಂದು ಹರ್ಲಿನಾ ಕೇಳಿದರು.

"ತುಕ್ಕು ಹಿಡೀಬಾರದು ಅಂತ ಮೇಡಂ," ಎಂದರು ತಣಬಾಲನ್.

"ಹಾಳು ಮಾಡೋಕೆ ಬಂದೋನಿಗೆ ತುಕ್ಕಿನ ಚಿಂತೆ ಯಾಕೆ?"

ತಣಬಾಲನ್ ಅವರ ಕೈ ಕಾರಿನ ಬಾಗಿಲ ಮೇಲಿತ್ತು. ಜೀಪು ಹತ್ತಿದ ಮೇಲೆ ತಾವಾಗಿಯೇ ಬಾಯಿಬಿಟ್ಟರು. ಇಂಥದ್ದೇ ಒಂದು ಕಾರು ಅವರ ಹತ್ತಿರವೂ ಇತ್ತಂತೆ. 2012ರಲ್ಲಿ ಒಂಬತ್ತೂವರೆ ಸಾವಿರಕ್ಕೆ ಕೊಟ್ಟು ವ್ಯಾನ್ ತಗೊಂಡರಂತೆ. ಈಗಲೂ ಹೆಂಡತಿ ಮಲಗಿದ ಮೇಲೆ ಫೋನಿನಲ್ಲಿ ಅದರ ಬೆಲೆ ನೋಡುತ್ತಾರಂತೆ.

"ಒಂದು ಮಾತು ಹೇಳ್ತೀನಿ, ತಪ್ಪು ತಿಳೀಬೇಡಿ ಮೇಡಂ. ನಂಬರ್ ಇಲ್ಲದ್ದು ನೋಡಿದಾಗ ನನ್ನ ಹೊಟ್ಟೆ ಒಂದು ಕ್ಷಣ ತಣ್ಣಗಾಯ್ತು. ಆ ಮನುಷ್ಯ ನಂಗೆ ಏನೂ ಮಾಡಿಲ್ಲ."

ಹರ್ಲಿನಾ ಅದನ್ನು ಬರೆದುಕೊಳ್ಳಲಿಲ್ಲ, ಮರೆಯಲೂ ಇಲ್ಲ.

ಆ ಮಧ್ಯಾಹ್ನ ಮೊದಲು ಕರೆಸಿದ್ದು ಟಾನ್ ಎಂಗ್ ಹುಯಿ ಎಂಬವನನ್ನು. ಊರಿನಲ್ಲಿ ಈ ಮಾದರಿಯ ಕಾರಿಟ್ಟುಕೊಂಡವರ ಸಂಘಕ್ಕೆ ಅಧ್ಯಕ್ಷ. ಇಂಥ ಕಾರು ಒಂದು ಕಡಿಮೆಯಾದರೆ ಅವನ ಕಾರಿಗೆ ಬೆಲೆ ಹೆಚ್ಚು. ಅವನೂ ಅದನ್ನು ಮುಚ್ಚಿಡಲಿಲ್ಲ.

"ನನ್ನದಕ್ಕೆ ಎಂಬತ್ತಕ್ಕಿಂತ ಮೇಲೆ ಯಾರೂ ಹೋಗಿಲ್ಲ. ಅವನದಕ್ಕೆ ತೊಂಬತ್ತಾರು ಅಂದಾಗ ಎರಡು ದಿನ ನಂಗೆ ಅನ್ನ ಸೇರ್ಲಿಲ್ಲ. ಇದು ಅಪರಾಧ ಅಂದ್ರೆ ಸಂಘದವರನ್ನೆಲ್ಲ ಹಿಡ್ಕೊಂಡು ಹೋಗಿ."

ಬುಧವಾರದಿಂದ ಶುಕ್ರವಾರದವರೆಗೆ ತಾನು ಪೆನಾಂಗ್‌ನಲ್ಲಿ ಮಗಳ ಮನೆಯಲ್ಲಿದ್ದೆ ಎಂದ. ಟೋಲ್ ದಾಖಲೆ ತರಿಸಿ ನೋಡಿದಾಗ ಅದು ನಿಜವಾಗಿತ್ತು.

ಆ ದಿನಗಳನ್ನೇ ಕೇಳಲು ಕಾರಣವಿತ್ತು. ಲಿಯಾಂಗ್ ಬುಧವಾರ ಬಾನೆಟ್ ತೆರೆದು ಎಣ್ಣೆ ನೋಡಿದ್ದರು; ಆಗ ನಂಬರ್ ಇತ್ತು. ಗುರುವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಗಂಡಹೆಂಡತಿ ಕಣ್ಣಿನ ಆಸ್ಪತ್ರೆಯಲ್ಲಿದ್ದರು. ಅದು ಬಿಟ್ಟರೆ ಮನೆಯಲ್ಲಿ ಯಾರಾದರೂ ಇದ್ದೇ ಇದ್ದರು.

ಜುಲೈ 14, ಭಾನುವಾರ, ಬೆಳಿಗ್ಗೆ 10. ಎದುರು ಮನೆಯ ನಿವೃತ್ತ ನರ್ಸ್ ಪುಷ್ಪಲೀಲಾ ಅವರ ಹೇಳಿಕೆ. ಗುರುವಾರ ಹನ್ನೊಂದರ ಸುಮಾರಿಗೆ ಗ್ರೈಂಡರ್ ಸದ್ದು ಕೇಳಿದ್ದು ನಿಜ, ಗೇಟು ರಿಪೇರಿ ಅಂದುಕೊಂಡೆ ಎಂದರು. ಹೊರಗಿನವರು ಯಾರೂ ಬಂದಿಲ್ಲ ಎಂದೂ ಹೇಳಿದರು. ಹರ್ಲಿನಾ ಪುಸ್ತಕ ಮುಚ್ಚಿ ಎದ್ದವರು ಮತ್ತೆ ಕುಳಿತರು.

"ಒಳಗಿನವರು ಯಾರಾದ್ರೂ ಬಂದಿದ್ರಾ ಅಮ್ಮ?"

"ಬದ್ರುಲ್ ಬಂದಿದ್ದ, ಲಿಯಾಂಗ್ ಅವರ ಸ್ನೇಹಿತ. ಅವನೇನು ಹೊರಗಿನವನಾ? ವಾರಕ್ಕೆರಡು ಸಲ ಬರ್ತಾನೆ. ಇವರು ಊರಿಗೆ ಹೋದ್ರೆ ಮೀನಿಗೆ ತಿಂಡಿ ಹಾಕೋನು ಅವನೇ."

ಲಿಯಾಂಗ್ ಅವರ ಮನೆಗೆ ಹೋಗಿ ಹರ್ಲಿನಾ ಕಾರಿಗೆ ಎಷ್ಟು ಕೀಲಿಕೈ ಎಂದು ಕೇಳಿದರು. ಒಂದೇ, ಎಂದರು ಲಿಯಾಂಗ್. ಇನ್ನೊಂದು ಕಳೆದುಹೋಗಿದೆ ಎಂದು ಮೊದಲ ಮಾಲೀಕ ಮಾರುವಾಗಲೇ ಹೇಳಿದ್ದ.

"ಮೊದಲ ಮಾಲೀಕ ಯಾರು?"

"ಬದ್ರುಲ್." ಅಷ್ಟು ಹೇಳಿದ ಮೇಲೆ ಈ ಪ್ರಶ್ನೆ ಎಲ್ಲಿಗೆ ಹೋಗುತ್ತಿದೆ ಎಂದು ಅವರಿಗೆ ತಿಳಿಯಿತು. "ಇಲ್ಲ ಮೇಡಂ. ಇವತ್ತು ಬೆಳಿಗ್ಗೆ ಇಬ್ರೂ ಒಟ್ಟಿಗೇ ತಿಂಡಿ ತಿಂದ್ವಿ. ನಂಗೆ ಗಂಟಲಲ್ಲಿ ಇಳೀತಿರ್ಲಿಲ್ಲ. ಅವನೇ ರೋಟಿ ಚನಾಯ್ ಮುರಿದು ಸಾರಲ್ಲಿ ಅದ್ದಿ ಮುಂದಿಟ್ಟ. ಸಿಕ್ಕೇ ಸಿಗ್ತಾನೆ, ಬಿಡು ಅಂದ."

ಬದ್ರುಲ್ ಬಿನ್ ಹಮ್ದಾನ್, ಐವತ್ತನಾಲ್ಕು ವರ್ಷ, ಊರಾಚೆಯ ನೀರು ಪಂಪಿಂಗ್ ಕೇಂದ್ರದಲ್ಲಿ ಫಿಟ್ಟರ್. ಜುಲೈ 15, ಸೋಮವಾರ ಬೆಳಿಗ್ಗೆ ತಣಬಾಲನ್ ಕೇಂದ್ರದ ಉಗ್ರಾಣಕ್ಕೆ ಹೋಗಿ ಸಲಕರಣೆಗಳ ಪುಸ್ತಕ ನೋಡಿದರು. ಬ್ಯಾಟರಿಯ ಕೈ ಗ್ರೈಂಡರ್ ಒಂದನ್ನು ಬದ್ರುಲ್ ಬುಧವಾರ ಸಂಜೆ ಸಹಿ ಮಾಡಿ ಒಯ್ದು ಶುಕ್ರವಾರ ಮರಳಿಸಿದ್ದ. ಗುರುವಾರ ಅವನಿಗೆ ರಜೆ. ಮಧ್ಯಾಹ್ನ 2ಕ್ಕೆ ಅವನ ಮನೆಯ ಶೋಧನೆ. ಬೀರುವಿನಲ್ಲಿ, ಮದುವೆಯ ಫೋಟೋ ಆಲ್ಬಂ ಇಟ್ಟಿದ್ದ ಡಬ್ಬಿಯಲ್ಲಿ, ಕಾರಿನ ಎರಡನೆಯ ಕೀಲಿಕೈ ಸಿಕ್ಕಿತು. ಹದಿನಾಲ್ಕು ವರ್ಷದಿಂದ ಅಲ್ಲೇ ಇತ್ತೆಂದು ಅವನ ಹೆಂಡತಿ ಹೇಳಿದಳು. ಅದು ಯಾವ ಬೀಗದ್ದೆಂದು ಅವಳಿಗೆ ಗೊತ್ತಿರಲಿಲ್ಲ.

ಸಂಜೆ 4.20ಕ್ಕೆ ಪಂಪಿಂಗ್ ಕೇಂದ್ರದಲ್ಲಿ ಬಂಧನವಾಯಿತು. ಬದ್ರುಲ್ ಕೈಗೆ ಮೆತ್ತಿದ್ದ ಗ್ರೀಸ್ ಒರೆಸಿಕೊಂಡು, ಪಾಳಿಯವನಿಗೆ ಮೂರನೇ ಪಂಪಿನ ಸದ್ದು ನೋಡಿಕೊಳ್ಳಲು ಹೇಳಿ ಜೀಪು ಹತ್ತಿದ. ದಾರಿಯಲ್ಲಿ ತಣಬಾಲನ್ ಅವನನ್ನು ಅಣ್ಣ ಎಂದೇ ಕರೆದು ನೀರು ಕೊಟ್ಟರು.

ಠಾಣೆಯಲ್ಲಿ ಅವನು ಅಲ್ಲಗಳೆಯಲಿಲ್ಲ.

"ಯಾವಾಗ ತೀರ್ಮಾನ ಮಾಡಿದ್ರಿ?"

"ಹೋದ ಭಾನುವಾರ. ಏಳನೇ ತಾರೀಕು."

"ಬೆಲೆ ಗೊತ್ತಾದ ದಿನವಾ?"

"ಬೆಲೆ ಮೊದಲೇ ಗೊತ್ತಿತ್ತು. ಪ್ರತಿ ಭಾನುವಾರ ತಿಂಡಿಗೆ ಕೂತಾಗ ಅವನು ಫೋನ್ ನೋಡಿ ಓದ್ತಿದ್ದ. ಮೂವತ್ತಾಯ್ತು. ಐವತ್ತಾಯ್ತು. ಎಪ್ಪತ್ತಾಯ್ತು. ಹೊಟ್ಟೆ ಉರೀಲಿಲ್ಲ ಅಂದ್ರೆ ಸುಳ್ಳಾಗುತ್ತೆ. ಆದ್ರೆ ತಡ್ಕೊಂಡಿದ್ದೆ."

ಅವನು ನಿಧಾನವಾಗಿ ಹೇಳುತ್ತ ಹೋದ. ಪಂಪಿಂಗ್ ಕೇಂದ್ರದ ಮೊದಲ ಸಂಬಳ ಬಂದ ವರ್ಷ ಕಂತಿನಲ್ಲಿ ಕೊಂಡ ಕಾರು. ಅದರಲ್ಲೇ ಹೆಂಡತಿಯನ್ನು ಮನೆಗೆ ಕರೆತಂದದ್ದು. ಮೂರನೇ ಮಗು ಹುಟ್ಟಿದ ಮೇಲೆ ಎರಡು ಬಾಗಿಲಿನ ಕಾರು ಸಾಲದೆ ಮಾರಿದ. ಬೇರೆ ಯಾರಿಗಾದರೂ ಕೊಟ್ಟರೆ ಕಣ್ಣಿಗೆ ಬೀಳುವುದಿಲ್ಲವೆಂದು ಸ್ನೇಹಿತನಿಗೇ ಕೊಟ್ಟ. ಎಲ್ಲಿ ಏನು ಸದ್ದು ಬಂದರೂ ಲಿಯಾಂಗ್ ಅವನನ್ನೇ ಕರೆಯುತ್ತಿದ್ದರು, ಅವನೇ ಹೋಗಿ ಸರಿಮಾಡುತ್ತಿದ್ದ. ಒಂದು ದಿನವೂ ಹಣ ಕೇಳಿರಲಿಲ್ಲ.

"ಮತ್ತೆ ಏಳನೇ ತಾರೀಕು ಏನಾಯ್ತು?"

"ಹೋಟೆಲಲ್ಲಿ ಆರು ಜನ ಇದ್ವಿ. ಎಲ್ಲರ ಮುಂದೆ ಅವನು, 'ಮೊದಲು ನಿಂದೇ ಅಲ್ವಾ ಮಾರಾಯ, ಮಾರಿದ ಮೇಲೆ ನಿಂಗೆ ಐದು ಸಾವಿರ ಕೊಡ್ತೀನಿ, ಮನೆಗೆ ಏನಾದ್ರೂ ಮಾಡಿಸ್ಕೋ' ಅಂದ. ಎಲ್ಲರೂ ದೊಡ್ಡ ಮನಸ್ಸು ಅಂದ್ರು. ನಾನು ಥ್ಯಾಂಕ್ಸ್ ಅಂದೆ." ಬದ್ರುಲ್ ಅಂಗೈಯ ಗ್ರೀಸ್ ಕಲೆ ಉಜ್ಜಿಕೊಂಡ. "ಥ್ಯಾಂಕ್ಸ್ ಅಂದೆ ಮೇಡಂ. ಮನೆಗೆ ಹೋಗಿ ಕೂತರೂ ಆ ಮಾತು ಬಾಯಿಂದ ಹೋಗ್ಲೇ ಇಲ್ಲ."

"ಕಾರನ್ನೇ ತಗೊಂಡು ಹೋಗಬಹುದಿತ್ತಲ್ಲ. ಕೀಲಿಕೈ ಇತ್ತು."

"ಕಾರು ನಂಗೆ ಬೇಡ. ತಗೊಂಡು ಎಲ್ಲಿಡ್ಲಿ? ಅವನು ನನ್ನ ಹಾಗೇ ಇದ್ರೆ ಸಾಕು ಅನ್ನಿಸ್ತು. ಮೊದಲಿನ ಹಾಗೆ. ಹನ್ನೊಂದು ಸಾವಿರದ ಕಾರು ಇಟ್ಕೊಂಡೋನು."

ಹೇಳಿಕೆ 6.05ಕ್ಕೆ ಮುಗಿಯಿತು. ಕೇಸ್ ಡೈರಿಯಲ್ಲಿ ಕಾರಣದ ಜಾಗದಲ್ಲಿ ಹರ್ಲಿನಾ 'ಅಸೂಯೆ' ಎಂದು ಬರೆದರು. ಅದರ ಮುಂದೆ ಇನ್ನೇನಾದರೂ ಸೇರಿಸಬೇಕೆನಿಸಿದರೂ ಸೇರಿಸದೆ ಡೈರಿ ಮುಚ್ಚಿದರು.

ಲಿಯಾಂಗ್ 6.30ಕ್ಕೆ ಬಂದರು. ಬದ್ರುಲ್ ಒಪ್ಪಿಕೊಂಡದ್ದನ್ನು ಹರ್ಲಿನಾ ಓದಿ ಹೇಳಿದರು, ಹೋಟೆಲಿನ ಮಾತನ್ನೂ ಬಿಡದೆ. ಲಿಯಾಂಗ್ ತಲೆ ತಗ್ಗಿಸಿ ಕೇಳಿದರು. ಲಾಕಪ್ ಇದ್ದ ಕಡೆಗೆ ಒಮ್ಮೆ ನೋಡಿದರು. ಅವನನ್ನು ಕಾಣಬೇಕೇ ಎಂದು ಕೇಳಿದ್ದಕ್ಕೆ ಬೇಡವೆಂದರು. ದೂರು ವಾಪಸು ತೆಗೆದುಕೊಳ್ಳುವ ಮಾತನ್ನೂ ಆಡಲಿಲ್ಲ. ಆಮೇಲೆ ಮೇಜಿನ ಕಡೆ ಬಗ್ಗಿ, ಬೇರೆಯವರಿಗೆ ಕೇಳಿಸದ ಹಾಗೆ ಕೇಳಿದರು.

"ಐದು ಸಾವಿರ ಕಮ್ಮಿ ಆಯ್ತಾ ಮೇಡಂ? ಹತ್ತು ಅಂದಿದ್ರೆ ಸುಮ್ನಿರ್ತಿದ್ನಾ?"

ಹರ್ಲಿನಾ ಲಿಯಾಂಗ್ ಅವರ ಮುಖ ನೋಡಿದರು. ಅವರು ನಿಜವಾಗಿಯೂ ತಿಳಿಯಲೆಂದೇ ಕೇಳುತ್ತಿದ್ದರು. ಹರ್ಲಿನಾ ಕಾಗದವನ್ನು ತಿರುಗಿಸಿ, ಸಹಿ ಮಾಡಬೇಕಾದ ಜಾಗವನ್ನು ಬೆರಳಲ್ಲಿ ತೋರಿಸಿದರು.