ಧರ್ಮರಾಜನ ಆನೆ ಮುದ್ರೆ

ಪುರಾತತ್ವ ಇಲಾಖೆಯಲ್ಲಿ ಇಪ್ಪತ್ತೆಂಟು ವರ್ಷ ನೆಲ ಅಗೆದು ಧರ್ಮರಾಜ ಗಳಿಸಿದ್ದೇನು? ಒಡಕು ಗಡಿಗೆ, ಸೊಂಟನೋವು, ಜೊತೆಗೆ ಹೆಂಡತಿ ಸೀತವ್ವನ ಬಾಯಿ. "ಊರ ಮಂದಿ ಒಡದ ಗಡಿಗಿ ತಿಪ್ಪಿಗೆ ಒಗೀತಾರ, ನೀವು ಆರಿಸ್ಕೊಂಡು ಬರ್ತೀರಿ!" ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ಆದರೆ ಅವನ ಕೈಕೆಳಗೆ ಕುಂಚ ಹಿಡಿಯಲು ಕಲಿತ ಪ್ರಜ್ಞಾ ಮೊದಲ ವರ್ಷವೇ ತಾಮ್ರಪಟ ಎತ್ತಿ, ಪೇಪರಿನಲ್ಲಿ ಫೋಟೊ ಹಾಕಿಸಿಕೊಂಡು, ಈಗ ಅವನಿಗೇ ಮೇಲಧಿಕಾರಿಯಾಗಿದ್ದಳು. ಹೊಟ್ಟೆಗೆ ಬೆಂಕಿ ಬೀಳದೆ ಇರುತ್ತದೆಯೇ? ತಂಗಡಗಿ ಬಳಿಯ ದಿಬ್ಬದಡಿ ಒಂದು ನಗರವಿತ್ತು ಎಂದು ಅವನು ಹೇಳುತ್ತಲೇ ಬಂದಿದ್ದ, ಒಬ್ಬರೂ ನಂಬಿರಲಿಲ್ಲ. ನಿವೃತ್ತಿಗೆ ಒಂದೇ ವರ್ಷ ಉಳಿದಿತ್ತು. ನೆಲ ತನಗೆ ಕೊಡದಿದ್ದರೆ ತಾನೇ ನೆಲಕ್ಕೆ ಕೊಟ್ಟರಾಯಿತು ಎಂದುಕೊಂಡ.

ಹೆಸರಿಗೆ ಧರ್ಮರಾಜ, ಮಾಡಿದ್ದು ನೋಡಿ! ಬೇರೆ ಊರಿನ ಮಣ್ಣಾದರೆ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆಂದು ಅದೇ ದಿಬ್ಬದ ಮಣ್ಣು ತಂದ. ಅದರಲ್ಲಿ ಒಂದು ಮುದ್ರೆ ಮಾಡಿದ: ನಡುವೆ ಆನೆ, ಕೆಳಗೆ ಹಳೆಯ ಲಿಪಿಯಲ್ಲಿ ನಗರದ ಹೆಸರು. ಒಂದು ಅಕ್ಷರವನ್ನು ಬೇಕೆಂದೇ ಸೊಟ್ಟ ಕೆತ್ತಿದ, ಹಳಬರೂ ತಪ್ಪುತ್ತಿದ್ದರಲ್ಲ! ಮುದ್ರೆಯನ್ನು ಸೆಗಣಿ ಕುಳ್ಳಿನ ಬೆಂಕಿಯಲ್ಲಿ ಸುಟ್ಟು, ಇಂಡಿ ಊರಿನ ನಿಂಬೆರಸದಲ್ಲಿ ಮೂರು ದಿನ ನೆನೆಸಿದ.

"ಉಪ್ಪಿನಕಾಯಿ ಹಾಕಾಕತ್ತೀರೇನ್ರಿ?" ಎಂದಳು ಸೀತವ್ವ.

"ಹೂಂ, ಸಾವಿರ ವರ್ಷ ಕೆಡೂದಿಲ್ಲ" ಎಂದ.

ಆರು ತಿಂಗಳು ತಿಪ್ಪೆಯಲ್ಲಿ ಕಳೆದ ಮುದ್ರೆ ಅಜ್ಜನ ಅಜ್ಜನಂತಾಯಿತು. ಮೊನ್ನೆ ಮಧ್ಯಾಹ್ನ, ಕೂಲಿಯವರು ಬೇವಿನ ಮರದಡಿ ರೊಟ್ಟಿ ಬಿಚ್ಚಿದಾಗ, ದಿಬ್ಬದ ಅಗೆತದ ಗುಂಡಿಯ ಮೂಲೆಯಲ್ಲಿ ಮೊಳದುದ್ದ ಕುಣಿ ತೋಡಿದ. ಪ್ರತಿ ಪದರದ ಮಣ್ಣನ್ನು ಬೇರೆ ಬೇರೆ ಚೀಲದ ಮೇಲೆ ಇಟ್ಟು, ತಳಕ್ಕೆ ಮುದ್ರೆ ಸೇರಿಸಿ, ಪದರಗಳನ್ನು ಅದೇ ಸಾಲಿನಲ್ಲಿ ತಿರುಗಿ ತುಂಬಿ, ನೀರು ಚಿಮುಕಿಸಿ ಗಟ್ಟಿ ಮಾಡಿದ. ಮುದ್ರೆಯನ್ನು ತಾನೇ ಎತ್ತುವಷ್ಟು ದಡ್ಡನಲ್ಲ ಅವನು. ಪ್ರಜ್ಞಾಳನ್ನೇ ತಪಾಸಣೆಗೆ ಕರೆಸಿದ.

ಇವತ್ತು ಅವಳು ಬಂದಳು, ಆ ಮೂಲೆಯಲ್ಲೇ ಕುಕ್ಕರಗಾಲಲ್ಲಿ ಕೂತಳು, ಕುಂಚ ಆಡಿಸಿದಳು. ಸೊಂಡಿಲು ಕಂಡಿತು. ಕೂಲಿಯವರೆಲ್ಲ ಓಡಿಬಂದರು.

"ಸರ್, ನೀವು ಹೇಳಿದ್ದು ಖರೆ ಆತ್ರಿ! ನಾನ ನಂಬಿರಲಿಲ್ಲ, ತಪ್ಪಾತ್ರಿ" ಎಂದು ಪ್ರಜ್ಞಾ ಎಲ್ಲರೆದುರು ಅವನ ಕಾಲು ಮುಟ್ಟಿದಳು. ಧರ್ಮರಾಜನಿಗೆ ಅಳು ಬಂತು. ಅದು ಮಾತ್ರ ನಾಟಕವಲ್ಲ, ಇಪ್ಪತ್ತೆಂಟು ವರ್ಷದ ಅಳು.

ಆಮೇಲೆ ಅವಳು ಮುದ್ರೆಯನ್ನು ಅಡಿಯ ಮಣ್ಣಿನ ಸಮೇತ ಮೆಲ್ಲಗೆ ಎತ್ತಿದಳು. ಕೆಳಗೆ ಫಳ್ಳನೆ ಹೊಳೆಯಿತು ಒಂದು ರೂಪಾಯಿ ನಾಣ್ಯ. ಧರ್ಮರಾಜ ಯಂಕಂಚಿ ಊರಿನ ಒಕ್ಕಲುತನದ ಮನೆಯಲ್ಲಿ ಹುಟ್ಟಿದವನು. ಭೂಮಿತಾಯಿಗೆ ರೂಪಾಯಿ ಹಾಕದೆ ಜನ್ಮದಲ್ಲಿ ಒಂದು ಕುಣಿಯನ್ನೂ ಮುಚ್ಚಿದವನಲ್ಲ. ಊಟಕ್ಕೆ ಮುಂಚೆ ಕೈ ತೊಳೆಯುವಂಥ ಆ ರೂಢಿ ಅವನ ತಿಂಗಳುಗಟ್ಟಲೆಯ ಲೆಕ್ಕಾಚಾರದಲ್ಲಿ ಬಂದೇ ಇರಲಿಲ್ಲ. ಯಾರೋ ಕಿಡಿಗೇಡಿಗಳ ಕೆಲಸ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಕೂಲಿಯ ಯಲ್ಲವ್ವ ಬಗ್ಗಿ ನೋಡಿ, ಹಿಗ್ಗಿನಿಂದ ಕೂಗಿದಳು: "ಅಯ್ಯ, ಇದು ನಂದ ಐತ್ರಿ ಸಾಹೇಬ್ರ! ನನ್ನ ಎಲಿ-ಅಡಿಕಿ ಸಂಚಿಯೊಳಗಿಂದು, ಸುಣ್ಣ ಸೈತ ಹತ್ತೇತಿ ನೋಡ್ರಿ. ಮೊನ್ನಿ ಊಟದ ಹೊತ್ತಿನ್ಯಾಗ ನೀವ ಬಂದು, 'ಕುಣಿ ಮುಚ್ಚಬೇಕು, ನನ್ನ ಕಿಸೇದಾಗ ಬರೇ ಫೋನ್ ಐತಿ, ಒಂದ್ ರೂಪಾಯಿ ಕೊಡವ್ವಾ' ಅಂತ ಇಸ್ಕೊಂಡು ಹೋಗಿದ್ರಲ್ಲ!"